86 ಡೆಸಿಬಲ್ ಸ್ಪೀಕರ್‌ಗೆ 300ಬಿ ಟ್ಯೂಬ್ ಆಂಪ್ ಸಾಕಾಗುತ್ತಾ? ಯಾವುದು ತಗೊಳ್ಳಲಿ?

ಸಂಜೆರಾಗ
ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಟ್ರಾನ್ಸಿಸ್ಟರ್ ಆಂಪ್‌ನಲ್ಲೇ ಹಾಡು ಕೇಳಿಕೊಂಡು ಬಂದಿದ್ದೇನೆ. ಈಚೆಗೆ ಸ್ನೇಹಿತರ ಮನೆಯಲ್ಲಿ 300ಬಿ ಅನ್ನುವ ಟ್ಯೂಬ್ ಹಾಕಿದ ಸಿಂಗಲ್ ಎಂಡೆಡ್ ಆಂಪ್ (ಪವರ್ ಟ್ಯೂಬ್ ಒಂಟಿಯಾಗಿ ಕೆಲಸ ಮಾಡುವಂಥದ್ದು) ಕೇಳಿದೆ. ಹಾಡುವವರು ಉಸಿರು ಎಳೆದುಕೊಳ್ಳುವುದು ಕೂಡ ಪಕ್ಕದಲ್ಲೇ ಕೂತ ಹಾಗೆ ಕೇಳಿಸಿತು. ಆವತ್ತಿನಿಂದ ತಲೆಯಲ್ಲಿ ಅದೇ ಕೂತಿದೆ.

ನನ್ನ ಸ್ಪೀಕರ್ ಚಿಕ್ಕದು, ಬುಕ್‌ಶೆಲ್ಫ್. ಹಾಳೆಯಲ್ಲಿ 86 ಡೆಸಿಬಲ್, 6 ಓಮ್ ಅಂತ ಇದೆ. ಕೂರುವ ಜಾಗ ಸುಮಾರು 3 ಮೀಟರ್ ದೂರ. ಗಾಯನ, ತಂತಿವಾದ್ಯ ಜಾಸ್ತಿ ಕೇಳುತ್ತೇನೆ, ಆಗಾಗ ದೊಡ್ಡ ಆರ್ಕೆಸ್ಟ್ರಾ.

ಪಟ್ಟಿಯಲ್ಲಿ ಮೂರಿವೆ. 300ಬಿ ಸಿಂಗಲ್ ಎಂಡೆಡ್, 8 ವ್ಯಾಟ್. ಇಎಲ್34 ಪುಷ್ ಪುಲ್ (ಟ್ಯೂಬ್ ಜೋಡಿಯಾಗಿ ಕೆಲಸ ಮಾಡುವಂಥದ್ದು), 35 ವ್ಯಾಟ್. ಕೆಟಿ88 ಪುಷ್ ಪುಲ್, 70 ವ್ಯಾಟ್. ಮನಸ್ಸು 300ಬಿ ಕಡೆಗೇ ಇದೆ. ಅನುಭವ ಇದ್ದವರು ಹೇಳಿ.

ಕಿವಿಮಾತು
ಸ್ಪೀಕರ್ ಬದಲಾಯಿಸುವ ಯೋಚನೆ ಇದೆಯಾ? ಇಲ್ಲ ಅಂದರೆ 300ಬಿ ಬೇಡ.

ಹಳೇರೇಡಿಯೋ
ಅಷ್ಟು ಬೇಗ ಬೇಡ ಅನ್ನಬೇಡಿ. 8 ವ್ಯಾಟ್ ಅಂದರೆ ಕಮ್ಮಿ ಅಲ್ಲ. 1930ರ ದಶಕದಲ್ಲಿ ಸಿನಿಮಾ ಮಂದಿರಗಳಿಗೇ ಇಂಥ ಟ್ಯೂಬ್ ಹಾಕುತ್ತಿದ್ದರು. ವೆಸ್ಟರ್ನ್ ಎಲೆಕ್ಟ್ರಿಕ್‌ನ 300ಬಿ ಬಂದದ್ದೇ 1938ರಲ್ಲಿ.

ಅಳತೆಗೋಲು
ಮಂದಿರದ ಮಾತು ಸರಿ ಸರ್, ಆದರೆ ಅಲ್ಲಿದ್ದದ್ದು ಹಾರ್ನ್ ಸ್ಪೀಕರ್. 100 ಡೆಸಿಬಲ್ ಆಸುಪಾಸು ಕೊಡುವಂಥವು. ಅದನ್ನು 86ರ ಬುಕ್‌ಶೆಲ್ಫ್ ಜೊತೆ ಹೋಲಿಸಲು ಆಗಲ್ಲ. 14 ಡೆಸಿಬಲ್ ವ್ಯತ್ಯಾಸ ಅಂದರೆ 25 ಪಟ್ಟು ಪವರ್.

ಸಂಜೆರಾಗ ಅವರೇ, ಲೆಕ್ಕ ಮಾಡಿ ನೋಡೋಣ. 86 ಡೆಸಿಬಲ್ ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಬರುವ ಸದ್ದು. ಪವರ್ ಎರಡು ಪಟ್ಟಾದರೆ 3 ಡೆಸಿಬಲ್ ಏರುತ್ತದೆ. 1ರಿಂದ 2, 4, 8. ಮೂರು ಸಲ. ಹಾಗಾಗಿ 8 ವ್ಯಾಟ್‌ಗೆ 95. ಎರಡು ಸ್ಪೀಕರ್ ಸೇರಿ 98. 3 ಮೀಟರ್ ದೂರಕ್ಕೆ ಬಯಲಿನಲ್ಲಾದರೆ 9 ಡೆಸಿಬಲ್‌ಗಿಂತ ಜಾಸ್ತಿ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಯಿಂದ ವಾಪಸ್ ಬರುವ ಸದ್ದೂ ಸೇರುವುದರಿಂದ 6 ಅಂತ ಹಿಡಿಯಿರಿ. ಕೊನೆಗೆ ನಿಮ್ಮ ಕಿವಿಗೆ 92.

92 ಸಾಲದಾ ಅಂತ ಕೇಳಬಹುದು. ಅದು ಗರಿಷ್ಠ. ಆರ್ಕೆಸ್ಟ್ರಾ ರೆಕಾರ್ಡಿಂಗ್‌ನಲ್ಲಿ ಸರಾಸರಿ ಸದ್ದಿಗಿಂತ 15ರಿಂದ 20 ಡೆಸಿಬಲ್ ಮೇಲೆ ಹೋಗುವ ಕ್ಷಣಗಳು ಇರುತ್ತವೆ. ಅವೂ ಕೆಡದೆ ಬರಬೇಕು ಅಂದರೆ ಸರಾಸರಿಯನ್ನು 72-77ಕ್ಕೆ ಇಟ್ಟುಕೊಳ್ಳಬೇಕು. ಒಬ್ಬರೇ ಹಾಡಿದ್ದನ್ನು ಹಿತವಾಗಿ ಕೇಳಲು ಅಷ್ಟು ಸಾಕು. ಆರ್ಕೆಸ್ಟ್ರಾ ಅಬ್ಬರಕ್ಕೆ ಸಾಲಲ್ಲ.

ಇನ್ನೊಂದು ವಿಷಯ. ಆ 86 ಅನ್ನು 1 ವ್ಯಾಟ್‌ಗೆ ಅಳೆದಿದ್ದಾರಾ, 2.83 ವೋಲ್ಟ್‌ಗೆ ಅಳೆದಿದ್ದಾರಾ? 8 ಓಮ್ ಸ್ಪೀಕರ್‌ನಲ್ಲಿ ಎರಡೂ ಒಂದೇ. 6 ಓಮ್‌ನಲ್ಲಿ 2.83 ವೋಲ್ಟ್ ಅಂದರೆ 1.33 ವ್ಯಾಟ್. ಆಗ ನಿಮ್ಮದು ನಿಜಕ್ಕೂ 85ರ ಹತ್ತಿರ. 4 ಓಮ್ ಸ್ಪೀಕರ್‌ನಲ್ಲಿ ಈ ಲೆಕ್ಕಕ್ಕೆ ಪೂರಾ 3 ಡೆಸಿಬಲ್ ಹೋಗುತ್ತದೆ. ಜಾಹೀರಾತಿನ ಹಾಳೆಯಲ್ಲಿ ಇದನ್ನು ಯಾರೂ ದಪ್ಪ ಅಕ್ಷರದಲ್ಲಿ ಹಾಕಲ್ಲ.

ತಂತಿವಾದ್ಯ
ಲೆಕ್ಕ ಒಪ್ಪಿದೆ. ಆದರೆ ಲೆಕ್ಕಕ್ಕಿಂತ ಟ್ಯೂಬ್ ಆಂಪ್ ಜೋರಾಗಿ ಕೇಳಿಸುವುದಂತೂ ಸುಳ್ಳಲ್ಲ. 300ಬಿ ಆಂಪ್ ತನ್ನ ಮಿತಿ ದಾಟಿದಾಗ ಥಟ್ಟನೆ ಕರ್ಕಶ ಆಗಲ್ಲ, ನಿಧಾನಕ್ಕೆ ಮೆತ್ತಗಾಗುತ್ತಾ ಹೋಗುತ್ತದೆ. ಒಂದೆರಡು ಕ್ಷಣ ಮಿತಿ ದಾಟಿದರೂ ಕಿವಿಗೆ ಕಿರಿಕಿರಿ ಆಗುವುದಿಲ್ಲ.

ಅಳತೆಗೋಲು
ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದಂಶ ವಾಪಸ್ ಒಳಗೆ ಕೊಟ್ಟು ತಪ್ಪು ತಿದ್ದುವ ವ್ಯವಸ್ಥೆ) ಇಲ್ಲದ ಆಂಪ್‌ಗೆ ಆ ಮಾತು ಸರಿ. ಫೀಡ್‌ಬ್ಯಾಕ್ ಜಾಸ್ತಿ ಇರುವ ಪುಷ್ ಪುಲ್ ಟ್ಯೂಬ್ ಆಂಪ್ ಮಿತಿ ದಾಟಿದರೆ ಟ್ರಾನ್ಸಿಸ್ಟರ್ ಥರವೇ ಥಟ್ಟನೆ ಕತ್ತರಿಸುತ್ತದೆ. "ಟ್ಯೂಬ್ ಅಂದರೆ ಮೆತ್ತಗೆ" ಅಂತ ಎಲ್ಲದಕ್ಕೂ ಅನ್ವಯಿಸಬೇಡಿ. ಇನ್ನು, ಮೆತ್ತಗಾಗುತ್ತದೆ ಅಂದರೆ ಏನು? ಡ್ರಮ್ ಪೆಟ್ಟಿನ ಮೊನೆ ಹೋಯಿತು ಅಂತಲೇ ಅರ್ಥ.

ಬೆಸುಗೆಕಡ್ಡಿ
ಎಲ್ಲರೂ ವ್ಯಾಟ್ ಹಿಂದೆ ಬಿದ್ದಿದ್ದೀರಿ. ನನಗೆ ಅದಕ್ಕಿಂತ ಚಿಂತೆ ಅವರ ಸ್ಪೀಕರ್‌ನ ಇಂಪೀಡೆನ್ಸ್, ಅಂದರೆ ಕರೆಂಟ್‌ಗೆ ಅದು ಒಡ್ಡುವ ತಡೆ. ಅಳೆಯುವುದು ಓಮ್‌ನಲ್ಲಿ.

6 ಓಮ್ ಅನ್ನುವುದು ಬರೀ ಹೆಸರಿಗೆ. ಅದೇ ಸ್ಪೀಕರ್ ಒಂದು ಸ್ವರದಲ್ಲಿ 4 ಓಮ್‌ಗೆ ಇಳಿದು ಇನ್ನೊಂದರಲ್ಲಿ 20 ಓಮ್‌ಗೆ ಏರುತ್ತದೆ. ಟ್ರಾನ್ಸಿಸ್ಟರ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಸಾಮಾನ್ಯವಾಗಿ ಓಮ್‌ನ ಹತ್ತನೇ ಒಂದು ಭಾಗವೂ ಇರಲ್ಲ. ಹಾಗಾಗಿ ಈ ಏರಿಳಿತ ಅದಕ್ಕೆ ಲೆಕ್ಕಕ್ಕೇ ಇಲ್ಲ. ಫೀಡ್‌ಬ್ಯಾಕ್ ಇಲ್ಲದ 300ಬಿ ಆಂಪ್‌ನಲ್ಲಿ ಅದು 2-3 ಓಮ್ ಇರುವುದು ಮಾಮೂಲು. 2.5 ಅಂತ ಇಟ್ಟುಕೊಂಡು ಲೆಕ್ಕ ಹಾಕಿ. 20 ಓಮ್ ಇರುವ ಕಡೆ ಸದ್ದು, 4 ಓಮ್ ಇರುವ ಕಡೆಗಿಂತ 3 ಡೆಸಿಬಲ್‌ಗೂ ಜಾಸ್ತಿ ಎದ್ದು ಬರುತ್ತದೆ. ಸ್ಪೀಕರ್ ಮಾಡಿದವರು ಕಷ್ಟಪಟ್ಟು ಸಮ ಮಾಡಿದ ಧ್ವನಿ ಅಲ್ಲಿಗೆ ಏರುಪೇರು. ಒಳ್ಳೆಯ ಪುಷ್ ಪುಲ್‌ನಲ್ಲಿ ಔಟ್‌ಪುಟ್ ಇಂಪೀಡೆನ್ಸ್ 0.8 ಓಮ್ ಇದ್ದರೆ ಅದೇ ವ್ಯತ್ಯಾಸ 1.3 ಡೆಸಿಬಲ್ ಒಳಗೆ ನಿಲ್ಲುತ್ತದೆ, ಹೆಚ್ಚೂಕಮ್ಮಿ.

ಸ್ನೇಹಿತರ ಮನೆಯಲ್ಲಿ ನೀವು ಕೇಳಿದ ಆ "ಪಕ್ಕದಲ್ಲೇ ಕೂತ ಹಾಗೆ" ಎಷ್ಟು ಆಂಪ್‌ನದ್ದು, ಎಷ್ಟು ಸ್ಪೀಕರ್‌ನದ್ದು? ಅವರದು ಯಾವ ಸ್ಪೀಕರ್ ಅಂತ ಕೇಳಿ ಹೇಳಿ.

ಸಂಜೆರಾಗ
ಕೇಳಿದೆ. ದೊಡ್ಡ ಹಾರ್ನ್ ಸ್ಪೀಕರ್. 101 ಡೆಸಿಬಲ್ ಅಂತೆ.

ಕಿವಿಮಾತು
ಅಲ್ಲಿಗೆ ಉತ್ತರ ಸಿಕ್ಕಿತಲ್ಲ!

ಹಳೇರೇಡಿಯೋ
ಹಾಗಾದರೆ ಸ್ಪೀಕರ್ ಬದಲಾಯಿಸಲಿ. ನನ್ನ ಅಭಿಪ್ರಾಯದಲ್ಲಿ ಅದೇ ಸರಿಯಾದ ದಾರಿ. ಒಳ್ಳೆಯ ಆಂಪ್ ಕೇಳಿ ಮನಸೋತ ಮೇಲೆ, ಸ್ಪೀಕರ್‌ಗೋಸ್ಕರ ಆಂಪ್ ಬಿಟ್ಟುಕೊಡುವುದು ಯಾಕೆ?

ಮೌನಶ್ರೋತೃ
ಎಲ್ಲರ ಕೋಣೆಗೂ ಹಾರ್ನ್ ಹಿಡಿಸಲ್ಲ ಸರ್. ಚಿಕ್ಕ ಕೋಣೆಯಲ್ಲಿ ಹತ್ತಿರ ಕೂತರೆ ಹಾರ್ನ್ ಮತ್ತು ಕೆಳಗಿನ ಬಾಸ್ ಬೇರೆ ಬೇರೆ ಕಡೆಯಿಂದ ಬಂದ ಹಾಗೆ ಕೇಳಿಸುತ್ತದೆ. ಇನ್ನೊಂದು ಸಮಸ್ಯೆ, 300ಬಿ ಫಿಲಮೆಂಟ್ (ಟ್ಯೂಬ್ ಒಳಗೆ ಕಾಯುವ ತಂತಿ) ನೇರ ಬಿಸಿಯಾಗುವಂಥದ್ದು. ಅದಕ್ಕೆ ಎಸಿ ಕೊಟ್ಟಿದ್ದರೆ 100 ಡೆಸಿಬಲ್ ಸ್ಪೀಕರ್‌ನಲ್ಲಿ ಗುಂಯ್ ಅನ್ನುವುದು ಹಾಡಿನ ಮಧ್ಯೆ ಮಧ್ಯೆ ಕೇಳುತ್ತಲೇ ಇರುತ್ತದೆ. ಡಿಸಿ ಕೊಟ್ಟು ಚೆನ್ನಾಗಿ ಫಿಲ್ಟರ್ ಮಾಡಿದ ಆಂಪ್ ಆದರೆ ಸರಿ.

ಅಳತೆಗೋಲು
ನಾನು ನೇರವಾಗಿ ಕೇಳುತ್ತೇನೆ. ಟ್ಯೂಬ್ ಆಂಪ್ ಯಾಕೆ ಬೇಕು? ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ ಬಂದ ಸಿಗ್ನಲ್ಲನ್ನು ಹಾಗೇ ದೊಡ್ಡದು ಮಾಡಿ ಕೊಡುತ್ತದೆ. ಸಿಂಗಲ್ ಎಂಡೆಡ್ ಟ್ಯೂಬ್ ಆಂಪ್ ಎರಡನೇ ಹಾರ್ಮೋನಿಕ್ ಸೇರಿಸುತ್ತದೆ. ಅದು ಮೇಲಿನ ಸ್ಥಾಯಿಯ ಅದೇ ಸ್ವರ, ಹಾಗಾಗಿ ಕಿವಿಗೆ ಹಿತ. ಇಷ್ಟ ಆದರೆ ತಗೊಳ್ಳಿ, ತಪ್ಪೇನಿಲ್ಲ. ಆದರೆ ಅದನ್ನು "ಹೆಚ್ಚು ನಿಜ" ಅನ್ನಬೇಡಿ.

ಬೆಸುಗೆಕಡ್ಡಿ
ನೀವು ಹೇಳುತ್ತಿರುವುದು ಒಂದು ಬಗೆಯ ಟ್ಯೂಬ್ ಆಂಪ್ ಬಗ್ಗೆ ಮಾತ್ರ. ಇಂಗ್ಲೆಂಡಿನ ಲೀಕ್ ಕಂಪನಿ 1945ರಲ್ಲೇ 0.1 ಶೇಕಡಾ ಡಿಸ್ಟಾರ್ಷನ್ನಿನ (ಮೂಲ ಸಿಗ್ನಲ್ ಕೆಡುವ ಪ್ರಮಾಣ) ಆಂಪ್ ಮಾಡಿ ಅದಕ್ಕೆ "ಪಾಯಿಂಟ್ ಒನ್" ಅಂತಲೇ ಹೆಸರಿಟ್ಟಿತು. 1947ರಲ್ಲಿ ವಿಲಿಯಮ್ಸನ್ ತಮ್ಮ ಕಮ್ಮಿ ಡಿಸ್ಟಾರ್ಷನ್ನಿನ ಆಂಪ್ ವಿನ್ಯಾಸವನ್ನು 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದರು. 1951ರಲ್ಲಿ ಹಾಫ್ಲರ್ ಮತ್ತು ಕೆರೋಸ್ ಡಿಸ್ಟಾರ್ಷನ್ ತಗ್ಗಿಸುವ ಅಲ್ಟ್ರಾ ಲೀನಿಯರ್ ಎಂಬ ಜೋಡಣೆಯನ್ನು ಜನಪ್ರಿಯ ಮಾಡಿದರು. ಇವೆಲ್ಲ ಟ್ಯೂಬ್‌ಗಳೇ. ಪುಷ್ ಪುಲ್‌ನಲ್ಲಿ ಎರಡು ಟ್ಯೂಬ್ ಎದುರು ಬದುರು ಕೆಲಸ ಮಾಡುವುದರಿಂದ ಔಟ್‌ಪುಟ್ ಹಂತದಲ್ಲಿ ಹುಟ್ಟುವ ಎರಡನೇ ಹಾರ್ಮೋನಿಕ್ ಬಹುತೇಕ ಪರಸ್ಪರ ಕಳೆದುಹೋಗುತ್ತದೆ.

ತಂತಿವಾದ್ಯ
ನಾನೊಬ್ಬ ಕೇಳುಗ. ಅಳತೆ ಮಾಡುವ ಉಪಕರಣ ನನ್ನ ಹತ್ತಿರ ಇಲ್ಲ. ಆದರೆ ಪಿಟೀಲಿನ ಕಮಾನು ತಂತಿ ಮೇಲೆ ತಿರುಗುವಾಗ ಬರುವ ಆ ಸಣ್ಣ ಗೀರು ಶಬ್ದ, ಅದು ನನ್ನ ಟ್ಯೂಬ್ ಆಂಪ್‌ನಲ್ಲಿ ಹೇಗೆ ಬರುತ್ತದೋ ಬೇರೆಡೆ ಹಾಗೆ ಬಂದಿಲ್ಲ. ಕಾರಣ ಡಿಸ್ಟಾರ್ಷನ್ನೇ ಇರಲಿ, ಮತ್ತೊಂದಿರಲಿ. ನಾನು ಹಾಡಿನ ಜೊತೆ ಜಾಸ್ತಿ ಹೊತ್ತು ಕೂರುತ್ತೇನೆ.

ಅಳತೆಗೋಲು
ಅದಕ್ಕೆ ನನ್ನ ತಕರಾರಿಲ್ಲ.

ಓಮ್‌ಕಾರ
ಆಂಪ್ ಆರಿಸುವಾಗ ಎಲ್ಲರೂ ಟ್ಯೂಬ್ ಹೆಸರು ಕೇಳುತ್ತಾರೆ. ನಾನು ಮೊದಲು ನೋಡುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಟ್ಯೂಬ್‌ಗೆ ವೋಲ್ಟೇಜ್ ಜಾಸ್ತಿ, ಕರೆಂಟ್ ಕಮ್ಮಿ. ಸ್ಪೀಕರ್‌ಗೆ ಬೇಕಾದದ್ದು ಉಲ್ಟಾ. ಸಾವಿರಾರು ಓಮ್ ಒಂದು ಕಡೆ, 8 ಓಮ್ ಇನ್ನೊಂದು ಕಡೆ. ಮಧ್ಯೆ ನಿಂತು ಎರಡನ್ನೂ ಹೊಂದಿಸುವುದು ಈ ಟ್ರಾನ್ಸ್‌ಫಾರ್ಮರ್. ಬಾಸ್ ಗಟ್ಟಿಯಾಗಿ ಬರಬೇಕಾದರೆ ಅದರಲ್ಲಿ ಕಬ್ಬಿಣ ಜಾಸ್ತಿ ಬೇಕು. ಹೈ ಚೆನ್ನಾಗಿ ಬರಬೇಕಾದರೆ ಸುತ್ತುಗಳನ್ನು ಪದರ ಪದರವಾಗಿ ಜಾಣತನದಿಂದ ಹಾಕಿರಬೇಕು. ಎರಡೂ ಬೇಕು ಅಂದರೆ ಕೆಲಸ ಕಷ್ಟ.

ಸಿಂಗಲ್ ಎಂಡೆಡ್‌ನಲ್ಲಿ ಇನ್ನೂ ಕಷ್ಟ. ಟ್ಯೂಬ್‌ನ ಡಿಸಿ ಕರೆಂಟ್ ಅದರ ಮೂಲಕವೇ ಹರಿಯುತ್ತದೆ. ಕಬ್ಬಿಣ ಹಿಡಿಯಬಲ್ಲ ಕಾಂತಶಕ್ತಿ ಆ ಡಿಸಿಯಿಂದಲೇ ತುಂಬಿಹೋಗಬಾರದು ಅಂತ ನಡುವೆ ಗಾಳಿಯ ಸಂದು ಬಿಡಬೇಕು. ಸಂದು ಬಿಟ್ಟರೆ ಇಂಡಕ್ಟೆನ್ಸ್ ಇಳಿದು ಬಾಸ್ ಸೊರಗುತ್ತದೆ. ಅದನ್ನು ಸರಿದೂಗಿಸಲು ಮತ್ತೆ ದೊಡ್ಡ ಕಬ್ಬಿಣ. ಪುಷ್ ಪುಲ್‌ನಲ್ಲಿ ಎರಡು ಬದಿಯ ಡಿಸಿ ಒಂದನ್ನೊಂದು ಕಳೆಯುವುದರಿಂದ ಈ ತೊಂದರೆ ಕಮ್ಮಿ. ಹಾಗಾಗಿ ಚಿಕ್ಕ, ಹಗುರ 300ಬಿ ಆಂಪ್ ಕಂಡರೆ ಅನುಮಾನ ಪಡಿ. ಎತ್ತಿ ನೋಡಿದರೇ ಅರ್ಧ ವಿಷಯ ಗೊತ್ತಾಗುತ್ತದೆ.

ಕಿವಿಮಾತು
ನೂರಕ್ಕೆ ನೂರು ಸತ್ಯ.

ಸಂಜೆರಾಗ
ಇಷ್ಟು ವಿಷಯ ಇದೆ ಅಂತ ಅಂದುಕೊಂಡಿರಲಿಲ್ಲ, ಧನ್ಯವಾದ. ಹಾಗಾದರೆ ಇಎಲ್34ನಾ, ಕೆಟಿ88ನಾ? 70 ವ್ಯಾಟ್ ಇದ್ದರೆ ನೆಮ್ಮದಿ ಅಲ್ವಾ? ಮತ್ತೆ ಬಯಾಸ್ ಅಂತ ಏನೋ ಸರಿ ಮಾಡುತ್ತಿರಬೇಕು ಅಂತಾರೆ. ನನಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ.

ಅಳತೆಗೋಲು
35ರಿಂದ 70ಕ್ಕೆ ಹೋದರೆ ಸಿಗುವುದು 3 ಡೆಸಿಬಲ್. ಅಷ್ಟೇ. 8ರಿಂದ 35ಕ್ಕೆ ಹೋದರೆ 6.4. ನಿಮ್ಮ ದೂರಕ್ಕೆ, ನಿಮ್ಮ ಸ್ಪೀಕರ್‌ಗೆ 35 ಸಾಕು.

ಬೆಸುಗೆಕಡ್ಡಿ
ಬಯಾಸ್ ಬಗ್ಗೆ ಹೇಳುತ್ತೇನೆ. ಹಾಡು ಇಲ್ಲದಾಗಲೂ ಟ್ಯೂಬ್‌ನಲ್ಲಿ ಒಂದಿಷ್ಟು ಕರೆಂಟ್ ಹರಿಯುತ್ತಿರಬೇಕು. ಅದೆಷ್ಟು ಅಂತ ನಿಗದಿ ಮಾಡುವುದೇ ಬಯಾಸ್. ಎರಡು ಬಗೆ ಇವೆ. ಆಟೋ ಬಯಾಸ್‌ನಲ್ಲಿ ಕ್ಯಾಥೋಡ್ (ಟ್ಯೂಬ್‌ನಲ್ಲಿ ಎಲೆಕ್ಟ್ರಾನ್ ಹೊಮ್ಮಿಸುವ ಭಾಗ) ಕೆಳಗಿನ ರೆಸಿಸ್ಟರ್ ಅದನ್ನು ತಾನಾಗೇ ನೋಡಿಕೊಳ್ಳುತ್ತದೆ. ನೀವು ಏನೂ ಮಾಡಬೇಕಿಲ್ಲ. ಪವರ್ ಸ್ವಲ್ಪ ಕಮ್ಮಿ. ಫಿಕ್ಸೆಡ್ ಬಯಾಸ್‌ನಲ್ಲಿ ಹೆಸರು ಫಿಕ್ಸೆಡ್ ಆದರೂ ಟ್ಯೂಬ್ ಬದಲಾಯಿಸಿದಾಗೆಲ್ಲ ಕೈಯಿಂದ ಸರಿ ಮಾಡಬೇಕು.

ನಾನು ಮಾಡುವ ಕ್ರಮ ಹೀಗೆ. ವಾಲ್ಯೂಮ್ ಪೂರ್ತಿ ಕಮ್ಮಿ, ಸ್ಪೀಕರ್ ಜೋಡಿಸಿಯೇ ಇರಬೇಕು. ಆನ್ ಮಾಡಿ ಅರ್ಧ ಗಂಟೆ ಬಿಡುತ್ತೇನೆ. ನನ್ನ ಆಂಪ್‌ನ ಮೇಲೇ ಪ್ರತಿ ಟ್ಯೂಬ್ ಪಕ್ಕ ಒಂದು ಅಳತೆ ತೂತು, ಒಂದು ಸಣ್ಣ ಸ್ಕ್ರೂ ಇದೆ. ಮೀಟರನ್ನು ಡಿಸಿ ವೋಲ್ಟ್‌ಗೆ ಹಾಕಿ, ಕಡ್ಡಿ ತೂತಿಗೆ ಇಟ್ಟರೆ 10 ಓಮ್ ರೆಸಿಸ್ಟರ್ ಮೇಲಿನ ವೋಲ್ಟೇಜ್ ತೋರಿಸುತ್ತದೆ. 0.4 ವೋಲ್ಟ್ ಬಂದರೆ 40 ಮಿಲಿ ಆಂಪಿಯರ್. ಪ್ಲೇಟ್ (ಎಲೆಕ್ಟ್ರಾನ್ ಸೆಳೆಯುವ ತಗಡು) ಮೇಲೆ 400 ವೋಲ್ಟ್ ಇದ್ದರೆ ಗುಣಿಸಿ, 16 ವ್ಯಾಟ್. ಇಎಲ್34 ಪ್ಲೇಟ್ ತಡೆಯುವುದು 25 ವ್ಯಾಟ್. ಹಾಗಾಗಿ ಆರಾಮ. ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ ನಿಲ್ಲಬೇಕು, ಅಂಕಿ ಸ್ಥಿರ ಆಗಲು ಕೆಲವು ಕ್ಷಣ ಬೇಕು. ನಾಲ್ಕೂ ಟ್ಯೂಬ್ ಮುಗಿದ ಮೇಲೆ ಮೊದಲನೆಯದಕ್ಕೆ ವಾಪಸ್ ಬರಬೇಕು. ಒಂದನ್ನು ಸರಿ ಮಾಡಿದರೆ ಉಳಿದವು ಸ್ವಲ್ಪ ಅಲುಗಿರುತ್ತವೆ.

ಹೀಗೆ ಹೊರಗಿನಿಂದಲೇ ಮಾಡುವ ಸೌಕರ್ಯ ಇಲ್ಲದ ಫಿಕ್ಸೆಡ್ ಬಯಾಸ್ ಆಂಪ್ ನೀವು ತಗೊಳ್ಳಬೇಡಿ. ತಳ ಬಿಚ್ಚಿದರೆ 400-500 ವೋಲ್ಟ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಉಳಿದಿರಬಹುದು.

ಮೌನಶ್ರೋತೃ
ಆಟೋ ಬಯಾಸ್ ಇಎಲ್34. ಸಂಜೆರಾಗ ಅವರಿಗೆ ನನ್ನ ಮತ ಅದಕ್ಕೇ.

ನೀಲಿಬೆಳಕು
ಮಧ್ಯೆ ಬಂದದ್ದಕ್ಕೆ ಬೇಜಾರಾಗಬೇಡಿ. ನನ್ನ ಇಎಲ್34 ಗಾಜಿನ ಒಳಗೋಡೆಯಲ್ಲಿ ನೀಲಿ ಬೆಳಕು ಕಾಣುತ್ತದೆ. ಹಾಳಾಗಿದೆಯಾ?

ಓಮ್‌ಕಾರ
ಗಾಜಿಗೆ ಅಂಟಿದ ಹಾಗೆ ನೀಲಿ ಕಂಡರೆ ಏನೂ ಆಗಿಲ್ಲ. ದಾರಿ ತಪ್ಪಿದ ಎಲೆಕ್ಟ್ರಾನ್‌ಗಳು ಗಾಜಿಗೆ ಬಡಿದಾಗ ಹಾಗೆ ಹೊಳೆಯುತ್ತದೆ. ಭಯ ಪಡಬೇಕಾದದ್ದು ಎರಡಕ್ಕೆ. ಒಂದು, ನಡುವಿನ ಬೂದು ಬಣ್ಣದ ಪ್ಲೇಟ್ ಕೆಂಪಗೆ ಕಾದರೆ ತಕ್ಷಣ ಆಫ್ ಮಾಡಿ. ಎರಡು, ಗಾಜಿನ ತುದಿಯಲ್ಲಿ ಕನ್ನಡಿಯ ಹಾಗೆ ಬೆಳ್ಳಿ ಬಣ್ಣದ ಪದರ ಇರುತ್ತದಲ್ಲ, ಗೆಟರ್, ಅದು ಹಾಲಿನಂತೆ ಬಿಳಿ ಆಗಿದ್ದರೆ ಒಳಗೆ ಗಾಳಿ ನುಗ್ಗಿದೆ ಅಂತ. ಆ ಟ್ಯೂಬ್ ಕಥೆ ಮುಗಿಯಿತು.

ನೀಲಿಬೆಳಕು
ಬೆಳ್ಳಿ ಬಣ್ಣವೇ ಇದೆ. ನೆಮ್ಮದಿ ಆಯ್ತು ಸರ್.

ಪುಟ್ಟಮನೆ
ಮನೆಯಲ್ಲಿ ಚಿಕ್ಕ ಮಗು ಇದೆ. ಟ್ಯೂಬ್ ಆಂಪ್ ಇಡಬಹುದಾ?

ತಂತಿವಾದ್ಯ
ಜಾಲರಿ ಮುಚ್ಚಳ ಇರುವುದನ್ನೇ ತಗೊಳ್ಳಿ ಮೇಡಂ, ಅದನ್ನು ತೆಗೆಯಲೇಬೇಡಿ. ಪವರ್ ಟ್ಯೂಬ್ ಗಾಜು ಮುಟ್ಟಿದ ಕೂಡಲೇ ಚರ್ಮ ಸುಡುತ್ತದೆ. ಕೈಗೆ ಸಿಗದ ಎತ್ತರದಲ್ಲಿ ಗಟ್ಟಿ ಹಲಗೆ ಮೇಲೆ ಇಡಿ. ಮುಚ್ಚಿದ ಬೀರು ಒಳಗೆ ಬೇಡ, ಮೇಲೆ ಧಾರಾಳ ಜಾಗ ಬಿಡಿ. ನಾಲ್ಕು ಇಎಲ್34ಗಳ ಹೀಟರ್ ಒಂದೇ 38 ವ್ಯಾಟ್ ತಿನ್ನುತ್ತದೆ. ಅದಷ್ಟೂ ಬಿಸಿಯಾಗಿ ಕೋಣೆಗೇ ಬರುತ್ತದೆ.

ಹಳೇರೇಡಿಯೋ
ಟ್ಯೂಬ್ ಬದಲಾಯಿಸುವ ಮಾತು ಬಂತು. ನನ್ನ ಕೇಳಿದರೆ ಹಳೇ ಸ್ಟಾಕ್, ಅಂದರೆ ಹಿಂದೆ ತಯಾರಾಗಿ ಬಳಸದೆ ಉಳಿದ ಟ್ಯೂಬ್‌ಗಳೇ ಮೇಲು. ಹಳೆಯ ಮುಲ್ಲಾರ್ಡ್ ಇಎಲ್34 ಧ್ವನಿ ಈಗಿನ ಯಾವುದಕ್ಕೂ ಇಲ್ಲ.

ಬೆಸುಗೆಕಡ್ಡಿ
ಸಿಕ್ಕರೆ ಚೆನ್ನವೇ. ಆದರೆ ಹೊಸಬರು ಒಂದು ತಿಳಿದಿರಬೇಕು. ಈಗ ಅಂಗಡಿಯಲ್ಲಿ ಸಿಗುವ ಹೊಸ ಮುಲ್ಲಾರ್ಡ್, ಟಂಗ್‌ಸೋಲ್, ಗೋಲ್ಡ್ ಲಯನ್ ಹಳೆಯ ಕಾರ್ಖಾನೆಗಳವಲ್ಲ. ಆ ಹೆಸರುಗಳು ನ್ಯೂ ಸೆನ್ಸರ್ ಎನ್ನುವ ಅಮೆರಿಕದ ಕಂಪನಿ ಕೈಯಲ್ಲಿವೆ, ಟ್ಯೂಬ್ ತಯಾರಾಗುವುದು ರಷ್ಯಾದ ಸರಾಟೋವ್‌ನಲ್ಲಿ. ಕೆಟ್ಟ ಟ್ಯೂಬ್ ಅಲ್ಲ, ನಾನೇ ಬಳಸುತ್ತೇನೆ. ಹೆಸರು ನೋಡಿ ಹಳೆಯದು ಅಂದುಕೊಳ್ಳಬಾರದು ಅಷ್ಟೇ. ಸ್ಲೊವಾಕಿಯಾದ ಜೆಜೆ ಇದೆ, ಚೀನಾದ ಸ್ವಾನೆ ಇದೆ. ಇನ್ನು "ಹಳೇ ಸ್ಟಾಕ್" ಹೆಸರಲ್ಲಿ ಬಳಸಿದ್ದನ್ನೇ ಒರೆಸಿ, ಹೊಸ ಅಕ್ಷರ ಒತ್ತಿ ಮಾರುವವರೂ ಇದ್ದಾರೆ. ಪರೀಕ್ಷೆ ಮಾಡಿದ ಅಂಕಿ ಕೊಡದವರ ಹತ್ತಿರ ಕೊಳ್ಳಬೇಡಿ.

ಹಳೇರೇಡಿಯೋ
ಅಂಕಿ ಒಂದೇ ಸಾಲದು. ಗದ್ದಲ ಇದೆಯಾ ಅಂತಲೂ ನೋಡಬೇಕು. 12ಎಎಕ್ಸ್7 ನಂಥ ಚಿಕ್ಕ ಟ್ಯೂಬ್ ಹಾಕಿ, ವಾಲ್ಯೂಮ್ ಸಾಧಾರಣ ಮಟ್ಟದಲ್ಲಿಟ್ಟು, ಪೆನ್ಸಿಲ್‌ನ ರಬ್ಬರ್ ತುದಿಯಿಂದ ಗಾಜಿಗೆ ಮೆಲ್ಲಗೆ ತಟ್ಟಿ. ಸಣ್ಣ ಟಕ್ ಬಂದರೆ ಪರವಾಗಿಲ್ಲ. ಗಂಟೆಯ ಹಾಗೆ ಟಿಂಗ್ ಅಂತ ಎಳೆದರೆ ಅದು ಮೈಕ್ರೋಫೋನಿಕ್, ಅಂದರೆ ಅಲುಗಾಟವನ್ನೇ ಸದ್ದು ಮಾಡುವ ಟ್ಯೂಬ್. ಫೋನೋ ಹಂತಕ್ಕಂತೂ (ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಕಡೆ) ಬರುವುದೇ ಇಲ್ಲ.

ಮೌನಶ್ರೋತೃ
ಬಾಳಿಕೆ ಎಷ್ಟು?

ಹಳೇರೇಡಿಯೋ
ಪವರ್ ಟ್ಯೂಬ್ 2000ದಿಂದ 5000 ಗಂಟೆ. ಚಿಕ್ಕವು 10,000 ದಾಟುವುದೂ ಉಂಟು. ಕೇಳದಾಗ ಸುಮ್ನೆ ಉರಿಸಬೇಡಿ.

ಸುಮ್ನೆಕೇಳುಗ
ಹಳೆಯ ಆಂಪ್ ತಗೊಂಡರೆ ಹೇಗೆ? ಡೈನಾಕೋ ಎಸ್‌ಟಿ-70 ಒಂದು ಸಿಗುವ ಹಾಗಿದೆ. ಅದೂ ಇಎಲ್34, ಅದೂ 35 ವ್ಯಾಟ್.

ಓಮ್‌ಕಾರ
1959ರ ಒಳ್ಳೆಯ ವಿನ್ಯಾಸ, ಟ್ರಾನ್ಸ್‌ಫಾರ್ಮರ್ ಇವತ್ತಿಗೂ ಚೆನ್ನ. ಆದರೆ ಒಳಗಿನ ಕೆಪ್ಯಾಸಿಟರ್‌ಗಳಿಗೂ ಅಷ್ಟೇ ವಯಸ್ಸು. ಕಪ್ಲಿಂಗ್ ಕೆಪ್ಯಾಸಿಟರ್ (ಡಿಸಿ ತಡೆದು ಸಿಗ್ನಲ್ ಮಾತ್ರ ದಾಟಿಸುವಂಥದ್ದು) ಸೋರಿದರೆ ಪವರ್ ಟ್ಯೂಬ್ ಗ್ರಿಡ್‌ಗೆ (ಕರೆಂಟ್ ಹತೋಟಿ ಮಾಡುವ ಭಾಗ) ಡಿಸಿ ಹೋಗುತ್ತದೆ, ಬಯಾಸ್ ಕೆಡುತ್ತದೆ, ಪ್ಲೇಟ್ ಕೆಂಪಾಗುತ್ತದೆ. ತಂದ ದಿನವೇ ಪ್ಲಗ್ ಹಾಕಬೇಡಿ. ಮೊದಲು ತಿಳಿದವರಿಂದ ತಪಾಸಣೆ. 120 ವೋಲ್ಟ್‌ಗೆ ಮಾಡಿದ್ದಾ 230ಕ್ಕೆ ಮಾಡಿದ್ದಾ ಅಂತಲೂ ನೋಡಿ.

ಅಳತೆಗೋಲು
ಟ್ಯೂಬ್ ಪ್ರೀಆಂಪ್ (ಪವರ್ ಆಂಪ್‌ಗೂ ಮೊದಲಿನ ಹಂತ) ಜೊತೆ ಟ್ರಾನ್ಸಿಸ್ಟರ್ ಪವರ್ ಆಂಪ್ ಅನ್ನುವ ದಾರಿಯೂ ಇದೆ ಅಂತ ಸಂಜೆರಾಗ ಅವರಿಗೆ ನೆನಪಿಸುತ್ತೇನೆ. ಸ್ಪೀಕರ್ ಕಷ್ಟದ್ದಾಗಿದ್ದರೆ ನೆಮ್ಮದಿ.

ತಂತಿವಾದ್ಯ
ಅದರಲ್ಲಿ ಅವರು ಕೇಳಿದ ರುಚಿ ಸಿಗಲ್ಲ. ಟ್ಯೂಬ್ ಆಂಪ್ ಮತ್ತು ಸ್ಪೀಕರ್ ಒಂದಕ್ಕೊಂದು ಹೇಗೆ ಒಗ್ಗುತ್ತವೆ ಅನ್ನುವುದರಲ್ಲೇ ಅರ್ಧ ಸೊಗಸು ಇರುವುದು.

ಅಳತೆಗೋಲು
ಆ ಒಗ್ಗುವಿಕೆಯೇ ಬೆಸುಗೆಕಡ್ಡಿ ಅವರು ಹೇಳಿದ 3 ಡೆಸಿಬಲ್ ಏರುಪೇರು.

ಬೆಸುಗೆಕಡ್ಡಿ
ಇಬ್ಬರೂ ಸರಿ! ಇಂಪೀಡೆನ್ಸ್ ಸಾಕಷ್ಟು ಎತ್ತರ ಇರುವ ಸ್ಪೀಕರ್ ಆದರೆ ಈ ಜಗಳ ಬಹುಪಾಲು ಮುಗಿಯುತ್ತದೆ. ಬಿಬಿಸಿ ವಿನ್ಯಾಸದ ಎಲ್‌ಎಸ್3/5ಎ ನೋಡಿ. ಸಂವೇದನೆ (1 ವ್ಯಾಟ್‌ಗೆ ಬರುವ ಸದ್ದು) 82-83 ಡೆಸಿಬಲ್, ತೀರಾ ಕಮ್ಮಿ. ಆದರೆ ಹಳೆಯದು 15 ಓಮ್, ಹಾಗಾಗಿ ಟ್ಯೂಬ್ ಆಂಪ್ ಜೊತೆ ಅದನ್ನು ಇಷ್ಟಪಡುವವರು ಬಹಳ. ಹತ್ತಿರ ಕೂತು ಕೇಳುತ್ತಾರೆ, ಅಬ್ಬರ ಬಯಸಲ್ಲ. ಸ್ಪೀಕರ್ ಆರಿಸುವಾಗ ಡೆಸಿಬಲ್ ಜೊತೆ ಓಮ್ ಏರಿಳಿತದ ಗೆರೆಯನ್ನೂ ನೋಡಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಸಂಜೆರಾಗ
ನನ್ನ ಸ್ಪೀಕರ್‌ನ ಇಂಪೀಡೆನ್ಸ್ ಗೆರೆ ಸಿಕ್ಕಿತು. ತೀರಾ ಕೆಳಗೆ 4.2 ಓಮ್, ಮೇಲೆ ಒಂದು ಕಡೆ 22. ಸಂವೇದನೆ 2.83 ವೋಲ್ಟ್‌ಗೇ ಅಳೆದದ್ದು. ಹಾಗಾಗಿ ಈ ಸ್ಪೀಕರ್ ಇರುವವರೆಗೆ 300ಬಿ ಇಲ್ಲ. ಆಟೋ ಬಯಾಸ್ ಇಎಲ್34 ಪುಷ್ ಪುಲ್ ಒಂದನ್ನು ಮನೆಗೆ ತಂದು ಕೇಳಲು ಒಪ್ಪಿದ್ದಾರೆ. ನನ್ನ ಸ್ಪೀಕರ್‌ನಲ್ಲಿ, ನನ್ನ ಕೋಣೆಯಲ್ಲಿ. ಅದರಲ್ಲಿ 4 ಮತ್ತು 8 ಓಮ್ ಎರಡು ಟ್ಯಾಪ್ (ಸ್ಪೀಕರ್ ವೈರ್ ಸಿಕ್ಕಿಸುವ ಕಡೆ) ಇವೆ. 6 ಓಮ್‌ಗೆ ಯಾವುದು?

ಓಮ್‌ಕಾರ
ಎರಡೂ ಹಾಕಿ ಕೇಳಿ. ನಿಮ್ಮದು 4.2ಕ್ಕೆ ಇಳಿಯುವುದರಿಂದ 4 ಓಮ್ ಟ್ಯಾಪ್‌ನಲ್ಲಿ ಬಾಸ್ ಹೆಚ್ಚು ಹಿಡಿತದಲ್ಲಿ ಇರಬಹುದು. ಯಾವುದು ಹಾಕಿದರೂ ಆಂಪ್ ಹಾಳಾಗಲ್ಲ.

ಮೌನಶ್ರೋತೃ
ಟ್ಯಾಪ್ ಬದಲಾಯಿಸುವಾಗ ಆಂಪ್ ಆನ್ ಇದ್ದರೂ ನಡೆಯುತ್ತಾ?

ಬೆಸುಗೆಕಡ್ಡಿ
ಖಂಡಿತ ಬೇಡ! ಸ್ಪೀಕರ್ ಇಲ್ಲದೆ ಸಿಗ್ನಲ್ ಹೋದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಎಗರುತ್ತದೆ. ಸುತ್ತುಗಳ ನಡುವೆ ಕಿಡಿ ಹಾರಿ ಸುಟ್ಟುಹೋಗಬಹುದು. ಟ್ರಾನ್ಸಿಸ್ಟರ್ ಆಂಪ್‌ನ ಅಭ್ಯಾಸ ಇಲ್ಲಿ ಉಲ್ಟಾ. ಅಲ್ಲಿ ವೈರ್ ತಾಗಿ ಶಾರ್ಟ್ ಆದರೆ ಅಪಾಯ, ಇಲ್ಲಿ ವೈರ್ ಬಿಟ್ಟುಹೋದರೆ ಅಪಾಯ. ಆಫ್ ಮಾಡಿ, ಒಂದೆರಡು ನಿಮಿಷ ಬಿಟ್ಟು, ವೈರ್ ಬದಲಾಯಿಸಿ, ಎರಡೂ ಕಡೆ ಸ್ಕ್ರೂ ಬಿಗಿಯಾಗಿದೆಯಾ ಅಂತ ಎಳೆದು ನೋಡಿ, ಆಮೇಲೆ ಆನ್ ಮಾಡಿ.